ಕೆಂಪು ಗುಂಡಿಗೆ ಕುಂಕುಮ

ತುಂಗಭದ್ರೆಯ ದಂಡೆಯ ಒಂದು ಊರಿನಲ್ಲಿ ಒಂದು ಐಟಿಐ ಇತ್ತು. ಹತ್ತನೇ ತರಗತಿ ಮುಗಿಸಿದ ಹುಡುಗ ಹುಡುಗಿಯರು ಅಲ್ಲಿ ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವ ಕೆಲಸ ಕಲಿಯುತ್ತಿದ್ದರು. ಲೇತ್ ಅಂದರೆ ಕಬ್ಬಿಣದ ಸರಳನ್ನು ಕಚ್ಚಿ ಹಿಡಿದು ಗರಗರ ತಿರುಗಿಸುವ ಯಂತ್ರ. ಕಚ್ಚಿ ಹಿಡಿಯುವ ಆ ಬಾಯಿಗೆ ಚಕ್ಕು ಅಂತಾರೆ. ಅದಕ್ಕೆ ಕಬ್ಬಿಣವೂ ಒಂದೇ, ಕೈಬೆರಳೂ ಒಂದೇ.

ಈ ಮಕ್ಕಳಿಗೆ ಕಲಿಸುತ್ತಿದ್ದವರು ಶಕುಂತಲಾ ಹಡಪದ. ಎಲ್ಲರ ಬಾಯಲ್ಲೂ ಹಡಪದ ಮೇಡಂ. ಬಹಳ ಖಡಕ್ ಹೆಂಗಸು, ಆದರೆ ಕೆಲಸ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಈ ದಸರಾ ಕಳೆದ ಮೇಲೆ ಕಾಯಂ ಮಾಡೋಣ ಅಂತ ಪ್ರಿನ್ಸಿಪಾಲರು ಹೇಳಿದ್ದರು. ಸಹಿ ಹಾಕಬೇಕಾದವರು ಸಂಸ್ಥೆಯ ಅಧ್ಯಕ್ಷರು, ಅಕ್ಕಿ ಗಿರಣಿಯ ಬಸವಂತಪ್ಪನವರು.

ಸೋಮವಾರದ ಮೊದಲ ಪಾಠ ಸುರಕ್ಷತೆಯದು. ಮಕ್ಕಳು ನಿಯಮಗಳನ್ನು ಗಿಣಿಪಾಠದ ಹಾಗೆ ಒಪ್ಪಿಸುತ್ತಿದ್ದರು. ಸಡಿಲ ಬಟ್ಟೆ ಹಾಕಬಾರದು, ಕೂದಲು ಕಟ್ಟಬೇಕು, ಕೈಗೆ ಬಳೆ ಉಂಗುರ ದಾರ ಇರಬಾರದು, ಅಪಾಯ ಕಂಡರೆ ಇಡೀ ಶೆಡ್ಡಿನ ಕರೆಂಟು ಕಡಿಯುವ, ಗೋಡೆಯ ಮೇಲಿನ ಕೆಂಪು ಗುಂಡಿ ಒತ್ತಬೇಕು. ಪರೀಕ್ಷೆಯಲ್ಲಿ ಎಲ್ಲರಿಗೂ ಪೂರ್ತಿ ಅಂಕ. ಶೆಡ್ಡಿಗೆ ಬಂದು ನೋಡಿದರೆ ಒಬ್ಬನ ಅಂಗಿ ಗಾಳಿಪಟ, ಇನ್ನೊಬ್ಬಳ ಜಡೆ ಸೊಂಟದವರೆಗೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನೋದು ಸುಮ್ಮನೆ ಬಂದ ಮಾತಲ್ಲ.

ಅವರಲ್ಲಿ ಹೊನ್ನೂರ ಅಂತ ಒಬ್ಬ ಹುಡುಗ. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಅವನ ಮಣಿಕಟ್ಟಿನ ತುಂಬ ದೇವರ ದಾರಗಳು, ಕೆಂಪು, ಕರಿ, ಹಳದಿ.

"ಬಿಚ್ಚೋ ಅದನ್ನ" ಅಂದರು ಮೇಡಂ.

"ಆಗಲ್ಲ ಮೇಡಂ. ನಮ್ಮವ್ವ ಹರಕೆ ಹೊತ್ತು ಕಟ್ಟಿಸಿದ್ದು. ದೇವರು ಕಾಯ್ತಾನೆ."

ಮೇಡಂ ವಾದ ಮಾಡಲಿಲ್ಲ. ಒಂದು ಕಬ್ಬಿನ ಜಲ್ಲೆ ತರಿಸಿದರು. ಅದಕ್ಕೆ ಅಂಥದೇ ಒಂದು ದಾರ ಕಟ್ಟಿ, ಲೇತಿನ ಪಕ್ಕ ಸ್ಟ್ಯಾಂಡಿಗೆ ಬಿಗಿದು, ದಾರದ ತುದಿಯನ್ನು ಚಕ್ಕಿನ ಮೇಲೆ ಇಳಿಬಿಟ್ಟರು. ಎಲ್ಲರನ್ನೂ ಜಾಲರಿಯ ಹಿಂದೆ ನಿಲ್ಲಿಸಿ, ಆಮೇಲೆ ಯಂತ್ರ ಚಾಲೂ ಮಾಡಿದರು. ಅಯ್ಯೋ ಅನ್ನುವಷ್ಟು ಪುರಸೊತ್ತೂ ಸಿಗಲಿಲ್ಲ. ಜಲ್ಲೆ ಒಳಗೆ ಹೋಗಿ, ಸೀಳಿ, ಸಿಪ್ಪೆಯಾಗಿ ಹಾರಿತು. ಕಬ್ಬಿನ ಹಾಲು ಜಾಲರಿಯ ಮೇಲೆಲ್ಲ ಸಿಡಿಯಿತು.

ಹೊನ್ನೂರ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ.

"ದೇವರು ಮಣಿಕಟ್ಟಿನಲ್ಲೇ ಇರಬೇಕು ಅಂತ ಯಾರಪ್ಪ ಹೇಳಿದ್ದು? ರಟ್ಟೆಗೆ ಕಟ್ಟಿಕೋ, ಅಂಗಿ ತೋಳಿನ ಒಳಗೆ. ಅಲ್ಲಿಗೂ ಬರ್ತಾನೆ" ಅಂದರು ಮೇಡಂ. ಜೇಬಿನಿಂದ ಕತ್ತರಿ ತೆಗೆದು, ಬಿಗಿದ ಗಂಟುಗಳನ್ನು ತಾವೇ ಕತ್ತರಿಸಿ, ದಾರಗಳನ್ನು ತಾವೇ ಅವನ ರಟ್ಟೆಗೆ ಕಟ್ಟಿದರು.

ಇಷ್ಟಕ್ಕೇ ಬಿಟ್ಟಿದ್ದರೆ ಅವರು ಹಡಪದ ಮೇಡಂ ಯಾಕಾಗಬೇಕು? ಒಂದು ದಿನ ಯಂತ್ರಗಳು ಓಡುತ್ತಿದ್ದಾಗ, ಮೇಡಂ ಬೇಕೆಂದೇ ಕೆಲಸದ ಕೋಟು ಬಿಚ್ಚಿ, ವೇಲು ಇಳಿಬಿಟ್ಟುಕೊಂಡು ಲೇತಿನ ಕಡೆ ನಡೆದರು. ನೆಲದ ಹಳದಿ ಗೆರೆಯ ಹತ್ತಿರ ಬಂದು ನಿಂತು ಸುತ್ತಲೂ ನೋಡಿದರು. ಎಲ್ಲರೂ ಕಂಡಿದ್ದರು. ಒಬ್ಬರೂ ಗುಂಡಿ ಒತ್ತಲಿಲ್ಲ. ಕೊನೆಗೆ ಅವರೇ ಹೋಗಿ ಒತ್ತಿದರು. ಶೆಡ್ಡೆಲ್ಲ ನಿಶ್ಶಬ್ದ.

"ಯಾಕೆ ಒತ್ತಲಿಲ್ಲ?"

ಮಕ್ಕಳು ಮುಖ ಮುಖ ನೋಡಿಕೊಂಡರು. ಹೊನ್ನೂರನೇ ಬಾಯಿಬಿಟ್ಟ. "ನೀವು ದೊಡ್ಡವರು ಮೇಡಂ. ಏನೋ ಯೋಚನೆ ಮಾಡೇ ಬಂದಿರ್ತೀರಿ ಅಂದ್ಕೊಂಡ್ವಿ. ದೊಡ್ಡವರಿಗೆ ಹೆಂಗೆ ಹೇಳೋದು?"

"ಚಕ್ಕಿಗೆ ದೊಡ್ಡವರು ಸಣ್ಣವರು ಅಂತ ಗೊತ್ತಿಲ್ಲ ಕಣೋ" ಅಂದರು ಮೇಡಂ. "ಇವತ್ತಿಂದ ಕೇಳಿ. ಯಾರೇ ಇರಲಿ, ಅಪಾಯ ಕಂಡರೆ ಒತ್ತಬೇಕು. ಒತ್ತಿದವರನ್ನ ಈ ಶೆಡ್ಡಿನಲ್ಲಿ ಯಾರೂ ಬೈಯೋ ಹಾಗಿಲ್ಲ. ತಪ್ಪಾಗಿ ಒತ್ತಿದರೂ ಬೈಯೋ ಹಾಗಿಲ್ಲ. ಇದು ನನ್ನ ಮಾತು."

ಹೊನ್ನೂರ ಈ ಮಾತನ್ನೂ ಪರೀಕ್ಷೆ ಮಾಡದೆ ಬಿಟ್ಟಾನೆಯೇ! ಮಾರನೇ ದಿನ ಊಟದ ಹೊತ್ತಿಗೆ ಸರಿಯಾಗಿ ಸುಮ್ಮಸುಮ್ಮನೆ ಒತ್ತಿದ. ಮೇಡಂ ಒಂದು ಮಾತೂ ಬೈಯಲಿಲ್ಲ. ಒಂದೊಂದೇ ಯಂತ್ರವನ್ನು ಕ್ರಮವಾಗಿ ಪರೀಕ್ಷಿಸಿ ಮತ್ತೆ ಚಾಲೂ ಮಾಡುವ ಕೆಲಸವನ್ನು ಅವನಿಗೇ ಕೊಟ್ಟರು. ಅವನ ರೊಟ್ಟಿ ತಣ್ಣಗಾಗಿ ಹಪ್ಪಳವಾಯಿತು. ಆದರೆ ಮೇಡಂ ಮಾತಿಗೆ ತಪ್ಪುವವರಲ್ಲ ಅನ್ನೋದು ಅವತ್ತು ಅವನ ಮನಸ್ಸಿಗೆ ಗಟ್ಟಿಯಾಗಿ ಕೂತಿತು.

ಹೀಗಿರುವಾಗ ಆಯುಧಪೂಜೆ ಬಂತು. ಆ ಸಂಸ್ಥೆಯಲ್ಲಿ ಒಂದು ಪದ್ಧತಿ. ಯಂತ್ರಗಳಿಗೆಲ್ಲ ಹೂವಿನ ಹಾರ ಹಾಕಿ, ಮಂಗಳಾರತಿ ಎತ್ತಿ, ಅಧ್ಯಕ್ಷರು ತಮ್ಮ ಕೈಯಾರೆ ದೊಡ್ಡ ಲೇತನ್ನು ಒಂದು ಗಳಿಗೆ ಓಡಿಸಬೇಕು. ಹಾರ ಹಾಕಿದ ಹಾಗೇ! ಹೂವು ನಾಲ್ಕು ದಿಕ್ಕಿಗೂ ಹಾರಿದರೆ ವರ್ಷವೆಲ್ಲ ಶುಭ ಅಂತ ನಂಬಿಕೆ.

ಮೇಡಂ ಮುಂಚೆಯೇ ಪ್ರಿನ್ಸಿಪಾಲರ ಹತ್ತಿರ ಹೋಗಿ ಹೇಳಿದ್ದರು. "ಸಾರ್, ಈ ಸಲ ಹಾರವನ್ನ ಚಕ್ಕಿಗೆ ಹಾಕೋದು ಬೇಡ. ಹಾಕಿದರೂ ತೆಗೆದಿಟ್ಟು ಓಡಿಸೋಣ."

"ವರ್ಷಕ್ಕೊಂದು ದಿನ ಮೇಡಂ. ದೇವರ ಕಾರ್ಯದಲ್ಲಿ ನಿಮ್ಮ ರೂಲ್ಸು ತರಬೇಡಿ" ಅಂದರು ಅವರು. ದನಿ ತಗ್ಗಿಸಿ, "ನಿಮ್ಮ ವಿಷಯ ಅಧ್ಯಕ್ಷರ ಕೈಯಲ್ಲಿದೆ. ಬಾಯಿ ಮುಚ್ಚಿಕೊಂಡು ಆರತಿ ತಟ್ಟೆ ಹಿಡಿದು ನಿಂತುಬಿಡಿ" ಅಂತಲೂ ಸೇರಿಸಿದರು.

ಹಬ್ಬದ ಬೆಳಿಗ್ಗೆ ಶೆಡ್ಡು ಮದುವೆ ಮನೆಯಾಗಿತ್ತು. ಬಸವಂತಪ್ಪನವರು ಬಿಳಿ ಪಂಚೆ ಉಟ್ಟು, ಜರಿ ಅಂಚಿನ ರೇಷ್ಮೆ ಶಲ್ಯ ಹೊದ್ದು ಬಂದರು. ಕೆಟ್ಟ ಮನುಷ್ಯರಲ್ಲ ಅವರು. ಆ ದೊಡ್ಡ ಲೇತನ್ನು ಕೊಡಿಸಿದವರೂ ಅವರೇ. ಮಂಗಳಾರತಿ ಆಯಿತು. ಅವರು ಹಿಡಿ ಎಳೆದರು. ಲೇತು ತಿರುಗಿತು. ಸೇವಂತಿಗೆ ಎಸಳು ಹಾರಿ ಎಲ್ಲರ ತಲೆಯ ಮೇಲೆ ಬಿತ್ತು. ಚಪ್ಪಾಳೆಯೋ ಚಪ್ಪಾಳೆ!

ಅಷ್ಟರಲ್ಲಿ ಯಂತ್ರದ ಮೇಲಿಟ್ಟಿದ್ದ ನಿಂಬೆಹಣ್ಣು ಚಕ್ಕಿನ ಪಕ್ಕಕ್ಕೆ ಉರುಳಿತು. ಪೂಜೆಯ ನಿಂಬೆಹಣ್ಣು ಕೆಳಗೆ ಬೀಳಬಾರದಲ್ಲ. ಅಧ್ಯಕ್ಷರು ನಗುತ್ತಲೇ ಬಗ್ಗಿದರು. ಹೆಗಲ ಮೇಲಿನ ಶಲ್ಯ ಜಾರಿತು.

ಮೇಡಂ ಕಂಡರು. ಒಂದು ಹೆಜ್ಜೆ ಮುಂದಿಟ್ಟರು. ಪ್ರಿನ್ಸಿಪಾಲರು ಕಣ್ಣು ಬಿಟ್ಟರು, ಸುಮ್ಮನಿರಿ ಅನ್ನೋ ಹಾಗೆ. ಮೇಡಂ ಹೆಜ್ಜೆ ಅಲ್ಲೇ ನಿಂತಿತು. ಬಾಯಿಯೂ ಬರಲಿಲ್ಲ. ಸುತ್ತ ನಿಂತಿದ್ದ ಮೇಷ್ಟ್ರುಗಳೆಲ್ಲ ಕಂಡಿದ್ದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಟಪ್ ಅಂತ ಒಂದು ಸದ್ದು.

ದೀಪ ಹೋಯಿತು, ಮೈಕು ಹೋಯಿತು, ಫ್ಯಾನು ನಿಂತಿತು. ದೊಡ್ಡ ಲೇತು ಬ್ರೇಕು ಹಿಡಿದು ತಟ್ಟನೆ ನಿಂತಿತು. ಎಲ್ಲರೂ ತಿರುಗಿ ನೋಡಿದರೆ ಗೋಡೆಯ ಹತ್ತಿರ ಹೊನ್ನೂರ. ಅಂಗೈ ಇನ್ನೂ ಕೆಂಪು ಗುಂಡಿಯ ಮೇಲೇ ಇತ್ತು.

"ಅಪಶಕುನ! ಶುಭಗಳಿಗೆಯಲ್ಲಿ ದೀಪ ಆರಿಸಿದನಲ್ಲಪ್ಪ!" ಅಂತ ಯಾರೋ ಕೂಗಿದರು.

ಪ್ರಿನ್ಸಿಪಾಲರು ದಾಪುಗಾಲು ಹಾಕಿ ಹೋಗಿ ಅವನ ಕೊರಳಪಟ್ಟಿ ಹಿಡಿದರು. "ಕೊಬ್ಬು ನೋಡು ಇವನದು! ನಾಳೆಯಿಂದ ಇಲ್ಲಿ ಕಾಲಿಡಬೇಡ."

ಹೊನ್ನೂರ ಮೇಡಂ ಕಡೆ ನೋಡಿದ, ಅಷ್ಟೇ. ಒತ್ತಿದವರನ್ನು ಯಾರೂ ಬೈಯೋ ಹಾಗಿಲ್ಲ ಅಂತ ಹೇಳಿದ್ದಿರಲ್ಲ ಅನ್ನೋ ನೋಟ ಅದು.

ಆ ನೋಟ ಮೇಡಂ ಕರುಳಿಗೇ ನಾಟಿತು. ಕಾಯಂ ಆಗುವ ಕೆಲಸ ಕಣ್ಣ ಮುಂದೆ ಒಂದು ಸಲ ಬಂದು ಹೋಯಿತು. ಹೋದರೆ ಹೋಗಲಿ! ಆರತಿ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು, ನೇರ ಹೋಗಿ ಹುಡುಗನ ಮುಂದೆ ಅಡ್ಡ ನಿಂತರು.

"ಕೈ ಬಿಡಿ ಸಾರ್. ಒತ್ತು ಅಂತ ಕಲಿಸಿದವಳು ನಾನು. ಅವನನ್ನ ಕಳಿಸೋದಾದರೆ ಮೊದಲು ನನ್ನನ್ನ ಕಳಿಸಿ. ಅವನ ಮೇಲೆ ಇನ್ನೊಂದು ಮಾತು ಬಂದರೆ ನಾನು ಸುಮ್ಮನಿರೋಳಲ್ಲ."

"ಮೇಡಂ, ನಿಮ್ಮ ಕೆಲಸ..."

"ಗೊತ್ತಿದೆ ಸಾರ್. ಗೊತ್ತಿದ್ದೇ ಹೇಳ್ತಿದ್ದೀನಿ."

ಆಗ ಆ ಕಡೆಯಿಂದ ಒಂದು ಕ್ಷೀಣ ದನಿ ಕೇಳಿಸಿತು. "ಯಾರಾದರೂ ಇಲ್ಲಿ ಬರ್ರಪ್ಪಾ... ನನಗೆ ಏಳೋಕಾಗ್ತಿಲ್ಲ."

ಎಲ್ಲರೂ ಓಡಿದರು. ಅಧ್ಯಕ್ಷರು ಬಗ್ಗಿದವರು ಬಗ್ಗಿದ ಹಾಗೇ ಇದ್ದರು. ಹಾರದ ದಾರ ಶಲ್ಯದ ತುದಿಯನ್ನು ಹಿಡಿದು ಚಕ್ಕಿಗೆ ಸುತ್ತಿಕೊಂಡಿತ್ತು. ಉಳಿದ ಶಲ್ಯ ಅವರ ಕೊರಳಿಗೆ ಬಿಗಿದಿತ್ತು. ಚಕ್ಕಿಗೂ ಅವರ ಗಲ್ಲಕ್ಕೂ ನಡುವೆ ಗೇಣುದ್ದ ಜಾಗವೂ ಇರಲಿಲ್ಲ.

ಮೇಡಂ ಜೇಬಿನ ಕತ್ತರಿ ತೆಗೆದು ರೇಷ್ಮೆ ಶಲ್ಯವನ್ನು ಕಚಕಚ ಕತ್ತರಿಸಿದರು. ಅಧ್ಯಕ್ಷರು ಎದ್ದು, ಕೊರಳು ಸವರಿಕೊಂಡು, ಕುರ್ಚಿಯ ಮೇಲೆ ಕುಸಿದು ಕೂತರು. ನೀರು ಕುಡಿದರು. ತುಂಡಾದ ಶಲ್ಯವನ್ನು ನೋಡಿದರು. ಆಮೇಲೆ ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಇಷ್ಟು ಜನ ನಿಂತಿದ್ರಿ. ಒಬ್ಬರಿಗೂ ಕಾಣಲಿಲ್ವಾ?"

ಎಲ್ಲರೂ ನೆಲ ನೋಡಿದರು. ಮೇಡಂ ಮಾತ್ರ ತಲೆ ಎತ್ತಿ ಹೇಳಿದರು. "ಕಂಡಿತು ಸಾರ್. ನನಗೂ ಕಂಡಿತು. ನೀವು ದೊಡ್ಡವರು ಅಂತ ಬಾಯಿ ಬರಲಿಲ್ಲ. ನಾನು ಕಲಿಸಿದ ಪಾಠ ನನಗೇ ಮರೆತುಹೋಯಿತು, ಈ ಹುಡುಗನಿಗೆ ಮರೆಯಲಿಲ್ಲ."

ಬಸವಂತಪ್ಪನವರು, "ನನಗೆ ಕೊಡೋ ಮರ್ಯಾದೆಯೇ ನನ್ನ ಕೊರಳಿಗೆ ಸುತ್ತಿಕೊಳ್ತಿತ್ತಲ್ಲ" ಅಂದು ಎದ್ದರು. ಕುಂಕುಮದ ಬಟ್ಟಲು ತರಿಸಿಕೊಂಡು ಗೋಡೆಯ ಹತ್ತಿರ ಹೋದರು. ಯಂತ್ರಕ್ಕೆಲ್ಲ ಆಗಿದ್ದ ಪೂಜೆ ಆ ಕೆಂಪು ಗುಂಡಿಗೆ ಯಾವತ್ತೂ ಆಗಿರಲಿಲ್ಲ. ಅಂದು ಅಧ್ಯಕ್ಷರು ಅದರ ಪಕ್ಕದ ಗೋಡೆಗೆ ಕುಂಕುಮ ಇಟ್ಟು ಕೈಮುಗಿದರು. ತಿರುಗಿ ಪ್ರಿನ್ಸಿಪಾಲರಿಗೆ, "ಈ ಮೇಡಂ ಕಾಗದ ಸಹಿಗೆ ಇದೆ ಅಂದಿದ್ರಲ್ಲ, ಊಟಕ್ಕೆ ಮುಂಚೆ ತನ್ನಿ" ಅಂದರು. ಪ್ರಿನ್ಸಿಪಾಲರು ಹೊನ್ನೂರನ ಕೊರಳಪಟ್ಟಿಯನ್ನು ತಾವೇ ಸರಿಮಾಡಿದರು. ಮೇಡಂ ಕಣ್ಣು ಒದ್ದೆಯಾದದ್ದನ್ನು ಮಕ್ಕಳು ನೋಡಿದ್ದು ಅವತ್ತೇ ಮೊದಲು.

ಮಕ್ಕಳು ಹಾರ ತೆಗೆದು, ಚಕ್ಕು ಒರೆಸಿ, ದೀಪ ಹಾಕಿದರು. ಅಧ್ಯಕ್ಷರು ಅಂಗಿಯ ತೋಳು ಮಡಚಿ, ಪಂಚೆ ಎತ್ತಿ ಬಿಗಿಯಾಗಿ ಕಟ್ಟಿ, ಮತ್ತೆ ಲೇತಿನ ಮುಂದೆ ನಿಂತರು. ಈ ಸಲ ಹಿಡಿ ಮುಟ್ಟುವ ಮುಂಚೆ ಹೊನ್ನೂರನನ್ನು ಕರೆದರು.

"ಏನಪ್ಪಾ, ಈಗ ಓಡಿಸಲಾ?"

ಹೊನ್ನೂರ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಒಮ್ಮೆ ಮೇಡಂ ಮುಖ ನೋಡಿದ. ಅವರು ಹೂಂ ಅಂತ ತಲೆಯಾಡಿಸಿದರು. ಹುಡುಗ ಅಧ್ಯಕ್ಷರ ಕೈ ತೋರಿಸಿದ.

"ಬೇಡ ಸಾರ್. ಮೊದಲು ಉಂಗುರ ಬಿಚ್ಚಿಡಿ. ವಾಚೂನೂ."

ಬಸವಂತಪ್ಪನವರು ಉಂಗುರ ಬಿಚ್ಚಿದರು, ವಾಚು ಬಿಚ್ಚಿದರು, ಎರಡನ್ನೂ ಹುಡುಗನ ಅಂಗೈಯಲ್ಲಿಟ್ಟರು.

ನೀತಿ: ಸುರಕ್ಷತೆಯ ಪಾಠ ಬಾಯಿಪಾಠವಾದರೆ ಸಾಲದು, ದೊಡ್ಡವರ ಎದುರಿಗೂ ನಡೆಯಬೇಕು. ಅಪಾಯ ಕಂಡಾಗ ಸುಮ್ಮನಿರುವುದು ಮರ್ಯಾದೆಯಲ್ಲ, ತಡೆಯುವುದೇ ಮರ್ಯಾದೆ. ಮಕ್ಕಳಿಗೆ ಧೈರ್ಯ ಕಲಿಸಿದವರು, ಅವರು ಧೈರ್ಯ ತೋರಿಸಿದ ದಿನ ಅವರ ಜೊತೆ ನಿಲ್ಲಬೇಕು.