ಬಸವನಹುಳುವಿನ ಚಿಪ್ಪು ಸೇರಿದ ಕಣ

ಅಣುಸ್ಥಾವರ ಸಿಡಿದ ಮೂರನೆಯ ದಿನ, ಗಾಳಿಯಲ್ಲಿ ತೇಲಿಬಂದ ಬೂದಿಯ ಕಣವೊಂದು ಎಲೆಯ ಮೇಲಿಳಿಯಿತು. ಚಿಪ್ಪು ಕಟ್ಟಲು ಸುಣ್ಣ ಹುಡುಕುತ್ತಿದ್ದ ಬಸವನಹುಳು ಅದನ್ನು ಕೊಂಬಿನಿಂದ ಮುಟ್ಟಿ, "ನೀನು ಸುಣ್ಣವೇ ತಾನೆ?" ಎಂದಿತು.

"ಸುಣ್ಣದ ಹಾಗೆಯೇ ಇದ್ದೇನೆ" ಎಂದಿತು ಕಣ.

ಹುಳು ಅಷ್ಟಕ್ಕೇ ನಂಬಿ, ಅದನ್ನು ತಿಂದು ಚಿಪ್ಪಿಗೆ ಸೇರಿಸಿಕೊಂಡಿತು. ಕೆಲವೇ ದಿನಗಳಲ್ಲಿ ಮೈಯೆಲ್ಲ ಒಳಗೊಳಗೇ ಸುಡತೊಡಗಿತು.

"ನಿನ್ನ ಈ ಉರಿ ಯಾವಾಗ ಆರುತ್ತದಪ್ಪಾ?"

"ಅರ್ಧ ಆರಲು ಮೂವತ್ತು ವರ್ಷ. ಉಳಿದದ್ದರಲ್ಲಿ ಅರ್ಧ ಆರಲು ಮತ್ತೆ ಮೂವತ್ತು."

ಹುಳುವಿನ ಕೊಂಬುಗಳು ನಿಮಿರಿ ನಿಂತವು. "ಅಬ್ಬಾ! ನನ್ನ ಆಯುಸ್ಸೇ ಮೂರು ವರ್ಷ. ನಾನು ಸತ್ತ ಮೇಲೆ ಈ ಖಾಲಿ ಚಿಪ್ಪಿನಲ್ಲಿ ಒಂಟಿಯಾಗಿ ಏನು ಮಾಡುತ್ತೀ?"

"ಒಂಟಿ ಯಾಕಾಗಲಿ? ನಿನ್ನ ಮರಿಗಳೂ ಚಿಪ್ಪು ಕಟ್ಟಬೇಕಲ್ಲ" ಎಂದಿತು ಕಣ. "ಸುಣ್ಣಕ್ಕಾಗಿ ಅವು ನಿನ್ನ ಚಿಪ್ಪನ್ನೇ ಕೆರೆದು ತಿನ್ನುತ್ತವೆ."