ಅಂಚುಗೆರೆಯ ಏಳು

ಜೆರ್ಸಿ ಅಂಗಡಿಯ ಹೇಮಕ್ಕ ಒಂದೇ ಕಬಡ್ಡಿ ಜೆರ್ಸಿಯ ಎದೆಗೆ ತುಂಬು ಬಣ್ಣದ ಏಳರ ಅಂಕಿಯನ್ನೂ, ಬೆನ್ನಿಗೆ ಬರೀ ಅಂಚುಗೆರೆಯ ಹಳೇ ಮಾದರಿಯ ಏಳನ್ನೂ ಅಚ್ಚು ಹಾಕಿದಳು. ಅಭ್ಯಾಸದ ಆಟದಲ್ಲಿ ಹಾಳಾಗದೆ ಉಳಿದದ್ದು ಇಡೀ ತಂಡಕ್ಕೆ, ಇನ್ನೊಂದರ ಅಚ್ಚು ಗುಜರಿಗೆ ಎಂದಳು.

"ಖಾಲಿ ಹೊಟ್ಟೆಯಲ್ಲಿ ಆಟಕ್ಕೆ ಹೊರಟೆಯಾ, ತಮ್ಮಾ?" ಎಂದು ತುಂಬು ಏಳು ಕೇಳಿತು.

"ಖಾಲಿಯಲ್ಲಣ್ಣ, ಒಳಗೆ ಬಟ್ಟೆಯಿದೆ. ಅದೂ ಉಸಿರಾಡಬೇಕಲ್ಲ" ಎಂದಿತು ಅಂಚಿನ ಏಳು.

ಅಭ್ಯಾಸದಲ್ಲಿ ಅದನ್ನು ತೊಟ್ಟು ದಾಳಿಗೆ ಹೋದ ಆಟಗಾರ್ತಿ ಚೆನ್ನಮ್ಮನ ಜೆರ್ಸಿಯನ್ನು ಮುಂದಿನಿಂದ ಇಬ್ಬರು, ಹಿಂದಿನಿಂದ ಇಬ್ಬರು ಹಿಡಿದೆಳೆದರು. ತುಂಬು ಏಳು ಹಿಗ್ಗಲಾರದೆ ಬಿರಿದು ಚಕ್ಕೆ ಚಕ್ಕೆಯಾಗಿ ಉದುರಿತು. ಅಂಚಿನ ಏಳು ಬಟ್ಟೆಯ ಜೊತೆ ಹಿಗ್ಗಿ, ಬಟ್ಟೆಯ ಜೊತೆಗೇ ಹಿಂದಿರುಗಿತು.

ಹೇಮಕ್ಕ ಗುಜರಿಯ ಚೀಲ ತೆಗೆದಾಗ ಅಂಚಿನ ಏಳು ಹೇಳಿತು: "ಅಣ್ಣನ ಅಚ್ಚನ್ನು ಎಸೆಯಬೇಡ, ಅಕ್ಕ. ಅಂಗಡಿಯ ಬೋರ್ಡಿಗೆ ಹಾಕು. ಬೋರ್ಡನ್ನು ಯಾರೂ ಹಿಡಿದೆಳೆಯುವುದಿಲ್ಲ."