ಚೌಡನಕೋಟೆಯ ಓಡಬೇಡ ಓಣಿ

ಚೌಡನಕೋಟೆ ನಗರದ ಬಸ್ ನಿಲ್ದಾಣದ ಹಿಂದೆ, ಮಳಿಗೆಗಳ ಎರಡು ಸಾಲುಗಳ ನಡುವೆ ಒಂದು ಓಣಿಯಿದೆ. ಅಗಲ ಆರು ಅಡಿ, ಉದ್ದ ತೊಂಬತ್ತು ಅಡಿ. ಅದು ಎಲ್ಲಿಗೂ ಹೋಗುವುದಿಲ್ಲ. ಕೊನೆಯಲ್ಲಿ ಗೋಡೆ ಎದುರಾಗುತ್ತದೆ. ಮಳಿಗೆಗಳ ಬಾಗಿಲುಗಳೆಲ್ಲ ಆಚೆ ಬದಿಗಿರುವುದರಿಂದ ಇಲ್ಲಿ ಯಾರಿಗೂ ಕೆಲಸವಿಲ್ಲ. ನಗರಸಭೆಯ ದಾಖಲೆಯಲ್ಲಿ ಇದಕ್ಕೆ ಹೆಸರಿಲ್ಲ. ಊರಿನವರು ಮಾತ್ರ ಓಡಬೇಡ ಓಣಿ ಎನ್ನುತ್ತಾರೆ. ಇಲ್ಲಿ ಹಿಂದೆ ಯಾರೋ ಜಾರಿ ಬಿದ್ದಿರಬೇಕೆಂದು ಹೊಸಬರು ಊಹಿಸುವುದುಂಟು. ಅದು ಸರಿಯಲ್ಲ. ಇದನ್ನು ಬರೆಯುವ ಮೊದಲು, ಆ ಹೆಸರು ಬಂದ ದಿನ ನಡೆದದ್ದನ್ನು ಕಣ್ಣಾರೆ ಕಂಡ ಹನ್ನೊಂದು ಮಂದಿಯ ಹೇಳಿಕೆಗಳನ್ನು ದಿನಾಂಕ ಹಾಕಿ ಬರೆದುಕೊಂಡಿದ್ದೇನೆ. ಅವು ಒಂದಕ್ಕೊಂದು ಹೊಂದದ ಕಡೆ ಹಾಗೆಂದೇ ತಿಳಿಸಿದ್ದೇನೆ.

ಹಿಂದೆ ಒಮ್ಮೆ ಈ ನಿಲ್ದಾಣ, ಮಳಿಗೆ, ಓಣಿ ಎಲ್ಲ ಸೇರಿ ಐದೂವರೆ ಎಕರೆಯ ಒಂದೇ ಬಯಲಾಗಿತ್ತು. ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸಿಪಾಯಿಗಳು ಕೆಲವು ತಿಂಗಳು ಇಲ್ಲಿ ಬಿಡಾರ ಹೂಡಿದ್ದರು. ಅವರು ಆಡುತ್ತಿದ್ದ ಬೇಸ್‌ಬಾಲ್ ಆಟ, ಚಿನ್ನಿದಾಂಡು ಆಡಿ ಬೆಳೆದ ನಮ್ಮವರಿಗೆ ಬೇಗ ಹಿಡಿಸಿತು. ದೊಣ್ಣೆಯಿಂದ ಚೆಂಡನ್ನು ಹೊಡೆದು, ಮೂಲೆಮೂಲೆಗೂ ನಿಂತು ನಿಂತಾದರೂ ಬಯಲಿನ ನಾಲ್ಕು ಮೂಲೆ ಸುತ್ತಿ, ಚೆಂಡಿಗಿಂತ ಮೊದಲು ಹೊರಟ ಮೂಲೆಗೇ ಮರಳಿದರೆ ಒಂದು ಓಟ. ಆ ಮೂಲೆಯನ್ನು ನಮ್ಮವರು ಮನೆ ಎಂದು ಕರೆದರು. ಸಿಪಾಯಿಗಳು ಹೋದ ಮೇಲೂ ಆಟ ಉಳಿಯಿತು. ನಗರಸಭೆ ಸುತ್ತ ಕಲ್ಲಿನ ಮೆಟ್ಟಿಲು ಕಟ್ಟಿಸಿ ಅದನ್ನು ನಗರ ಕ್ರೀಡಾಂಗಣ ಎಂದಿತು. ಒಂದು ಕಡೆ ರೇಷ್ಮೆ ಕಾರ್ಖಾನೆಯ ತಂಡ, ಇನ್ನೊಂದು ಕಡೆ ಪೇಟೆಯ ತಂಡ. ಕಾರ್ಖಾನೆಯಲ್ಲಿ ನೂಲು ತೆಗೆಯುತ್ತಿದ್ದ ಬಚ್ಚಣ್ಣ ಎಂಬವರು ಹದಿನೆಂಟು ವರ್ಷ, ಕೆಲಸಕ್ಕೆ ಹೋಗುವ ಮುನ್ನ, ಈ ಬಯಲನ್ನು ಗುಡಿಸಿ ನೀರು ಚಿಮುಕಿಸುತ್ತಿದ್ದರು. ಅದಕ್ಕೆ ಅವರನ್ನು ಯಾರೂ ನೇಮಿಸಿರಲಿಲ್ಲ. ಹೆಂಡತಿ ಸಾಕಮ್ಮ, "ಮನೆ ಅಂಗಳಕ್ಕೆ ಒಂದು ದಿನ ಪೊರಕೆ ಹಿಡಿದೋರಲ್ಲ, ಅಲ್ಲಿ ಮಾತ್ರ ಸೊಸೆ ಥರ ಗುಡಿಸ್ತಾರೆ" ಎಂದು ನಗುತ್ತಿದ್ದರಂತೆ.

ಬಸ್ ನಿಲ್ದಾಣಕ್ಕಾಗಿ ಬಯಲನ್ನು ತೆಗೆದುಕೊಳ್ಳುವ ಆದೇಶ ಒಂದು ಮಾರ್ಚಿ ತಿಂಗಳಲ್ಲಿ ಬಂತು. ಮೂವತ್ತೊಂದರ ಸಂಜೆಯೊಳಗೆ ಕೆಲಸ ಶುರುವಾಗದಿದ್ದರೆ ಆದೇಶ ತಾನಾಗಿ ಬಿದ್ದುಹೋಗುತ್ತಿತ್ತು. ಅರ್ಜಿಗಳಿಂದ ಏನೂ ಆಗಲಿಲ್ಲ. ಇಪ್ಪತ್ತೊಂಬತ್ತರ ಬೆಳಿಗ್ಗೆ ನಗರಸಭೆಯ ಎಂಜಿನಿಯರು ಆಳುಗಳೊಡನೆ ಬಂದಾಗ ಬಚ್ಚಣ್ಣ ಕೈಮುಗಿದು, "ಸ್ವಾಮಿ, ಕೊನೇದು ಒಂದು ಆಟ ಆಡ್ಕೊಂತೀವಿ" ಎಂದರು. ಎಂಜಿನಿಯರು ಪರವೂರಿನವರು, ಕೆಟ್ಟವರಲ್ಲ. "ಒಂದು ಆಟ ತಾನೇ? ಆಡ್ಕೊಳ್ರಯ್ಯ. ಆಟ ಮುಗಿಯೋವರೆಗೂ ಒಂದು ಗುದ್ದಲಿನೂ ನೆಲಕ್ಕೆ ಬೀಳಲ್ಲ" ಎಂದು ಊರೆದುರು ಮಾತು ಕೊಟ್ಟರು. ಈ ಆಟಕ್ಕೆ ಗಡಿಯಾರವಿಲ್ಲ, ಎರಡು ಕಡೆಯ ಓಟಗಳು ಸಮವಾಗಿರುವವರೆಗೆ ಅದು ಮುಗಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಆ ದಿನ ಆಟ ನಾಲ್ಕಕ್ಕೆ ನಾಲ್ಕರಲ್ಲಿ ಸಮವಾಯಿತು. ಕತ್ತಲಾದಾಗ ನಿಲ್ಲಿಸಿ ಮರುದಿನ ಮುಂದುವರಿಸಿದರು. ತೀರ್ಪುಗಾರರು ಶಾಲೆಯ ಡ್ರಿಲ್ ಮೇಷ್ಟ್ರು ಗೌಸ್ ಸಾಹೇಬರು. ಇಡೀ ಊರಿಗೆ ಆಟ ಕಲಿಸಿದವರು ಅವರೇ. "ಬೇಕಂತ ಸೋಲೋದು, ಬೇಕಂತ ಬೀಳೋದು ಕಂಡ್ರೆ ಆಟ ಅಲ್ಲಿಗೇ ಮುಗೀತು ಅಂತೀನಿ" ಎಂದು ಎರಡೂ ತಂಡಗಳಿಗೆ ಮೊದಲೇ ಹೇಳಿದ್ದರು. ಆದ್ದರಿಂದ ಬಚ್ಚಣ್ಣ ಬೇರೆ ದಾರಿ ಹುಡುಕಿದರು. ಪೇಟೆಯ ತಂಡವನ್ನೂ ಒಪ್ಪಿಸಿ, ಮನಸಾರೆ ಆಡಿದರೂ ಆಡಲು ಬಾರದವರನ್ನೇ ಎರಡೂ ಕಡೆ ದೊಣ್ಣೆ ಹಿಡಿಸಿ ಕಳಿಸತೊಡಗಿದರು. ಹೀಗೆ ಮೂವತ್ತನೆಯ ತಾರೀಖು ಕಳೆಯಿತು. ಮೂವತ್ತೊಂದರ ಮಧ್ಯಾಹ್ನವೂ ಕಳೆಯಿತು. ಕಾರ್ಖಾನೆಯ ಹೆಂಗಸರು ಬುತ್ತಿ ತಂದು ಎಂಜಿನಿಯರಿಗೂ ಆಳುಗಳಿಗೂ ಬಡಿಸಿದರು. "ಊಟ ಚೆನ್ನಾಗಿದೆಯಮ್ಮಾ, ಈ ಆಟ ಯಾವಾಗ ಮುಗಿಯುತ್ತೆ?" ಎಂದು ಎಂಜಿನಿಯರು ಕೇಳಿದಾಗ ಸಾಕಮ್ಮ, "ಸಾರು ಇನ್ನೂ ಐತೆ ಸ್ವಾಮಿ" ಎಂದರಂತೆ.

ಸಂಜೆ ಐದು ಗಂಟೆ. ಹೊತ್ತು ಮುಳುಗಲು ಒಂದೂವರೆ ಗಂಟೆಯಿತ್ತು. ಸರದಿ ಬಂದು ತಾವೂ ದೊಣ್ಣೆ ಹಿಡಿದಿದ್ದ ಬಚ್ಚಣ್ಣ ಹಿಂದಿನ ಆಟಗಾರನ ಹೊಡೆತದಿಂದ ಮೂರನೆಯ ಮೂಲೆಗೆ ಬಂದು ನಿಂತಿದ್ದರು. ಮನೆ ತೊಂಬತ್ತು ಅಡಿ ದೂರ. ಕಡೆಯ ಸರದಿ ಅವರ ತಂಡದ್ದಾದ್ದರಿಂದ ಒಂದು ಓಟ ಬಂದರೆ ಆಟ ಮುಗಿದಂತೆ. ದೊಣ್ಣೆ ಹಿಡಿದು ಬಂದವರು ಕಾರ್ಖಾನೆಯ ತಂಡದಲ್ಲೇ ಆಡುತ್ತಿದ್ದ ಅಕ್ಕಸಾಲಿ ನಾಗಲಿಂಗಾಚಾರಿ. ಅವರು ನನ್ನ ಮಾವನವರು, ಹಾಗಾಗಿ ಈ ಭಾಗವನ್ನು ಎರಡು ಸಲ ಪರಿಶೀಲಿಸಿ ಬರೆದಿದ್ದೇನೆ. ಕುಲುಮೆಯ ಮುಂದೆ ಕೂತು ಕೂತು ಅವರಿಗೆ ಮಾರು ದೂರದ್ದು ಮಸುಕಾಗಿ ಕಾಣುತ್ತಿತ್ತು. ಹನ್ನೆರಡು ವರ್ಷದಲ್ಲಿ ಒಂದು ಚೆಂಡನ್ನೂ ಹೊಡೆದವರಲ್ಲ. "ಆಚಾರ್ರೇ, ಇವತ್ತಾದ್ರೂ ಕಣ್ಣು ಬಿಟ್ಟು ಬೀಸಿ!" ಎಂದು ಪೇಟೆಯವರು ಮೆಟ್ಟಿಲ ಮೇಲಿಂದ ಹಂಗಿಸಿದರು. ಮಾವನವರು ಎಂದಿನಂತೆ ಮನಸಾರೆ ಬೀಸಿದರು. ಚೆಂಡು ದೊಣ್ಣೆಗೆ ತಗಲಿ ಟಣ್ಣೆಂದಿತು.

ಸದ್ದು ಕೇಳಿದ ಕೂಡಲೇ ಬಚ್ಚಣ್ಣನ ಕಾಲು ಹೊರಟಿತು. "ಸದ್ದಾದರೆ ಓಡು, ಚೆಂಡಿನ ಕಡೆ ತಿರುಗಿ ನೋಡಬೇಡ" ಎಂದು ಗೌಸ್ ಮೇಷ್ಟ್ರು ಎಳೆಯ ವಯಸ್ಸಿನಲ್ಲೇ ಅವರಿಗೆ ಕಲಿಸಿದ್ದರು. ಮೆಟ್ಟಿಲ ಮೇಲಿದ್ದ ಎರಡು ಸಾವಿರ ಜನ ಎದ್ದು ನಿಂತು "ಓಡಬೇಡ! ಓಡಬೇಡ ಬಚ್ಚಣ್ಣಾ!" ಎಂದು ಕೂಗಿದರು. ಎದುರಾಳಿ ತಂಡವೂ ಕೂಗಿತು. ಎಂಜಿನಿಯರೂ ಎದ್ದು ಕೂಗಿದರೆಂದು ಏಳು ಮಂದಿ ಹೇಳಿದ್ದಾರೆ, ಇಬ್ಬರು ಇಲ್ಲವೆಂದಿದ್ದಾರೆ, ಉಳಿದಿಬ್ಬರು ಆ ಕಡೆ ನೋಡಲಿಲ್ಲ. ಬಚ್ಚಣ್ಣನಿಗೆ ಕೂಗು ಕೇಳಿಸಿತ್ತು. "ಕೇಳುಸ್ತು ಕಣಮ್ಮ, ಕಾಲು ನಿಲ್ಲಲಿಲ್ಲ" ಎಂದು ಅವರೇ ನನಗೆ ಹೇಳಿದ್ದಾರೆ. ಚೆಂಡು ಹಿಂತಿರುಗಿ ಬರುವಷ್ಟರಲ್ಲಿ ಅವರು ಮನೆ ಮುಟ್ಟಿ ಮಣ್ಣಿನಲ್ಲಿ ಬಿದ್ದಿದ್ದರು. ಎಲ್ಲರೂ ಗೌಸ್ ಮೇಷ್ಟ್ರ ಕೈ ನೋಡಿದರು. ಬಚ್ಚಣ್ಣ ಬಿದ್ದಲ್ಲಿಂದಲೇ, "ಔಟ್ ಅನ್ನಿ ಮೇಷ್ಟ್ರೇ. ಒಂದೇ ಒಂದು ಸಲ ಅನ್ನಿ" ಎಂದರು. ಮೇಷ್ಟ್ರು, "ನಿನ್ನ ಕಾಲು ಮೊದಲು ಮುಟ್ಟಿತಲ್ಲೋ ಮಗನೇ, ನಾನೇನು ಮಾಡಲಿ?" ಎಂದು ಕೈಯನ್ನು ಕೆಳಗೆ ಚಾಚಿ ಓಟವನ್ನು ಒಪ್ಪಿದರು. ಎಂಜಿನಿಯರು ಆಳುಗಳಿಗೆ ಸನ್ನೆ ಮಾಡಿದರು. ಬೆಳಕಿರುವಾಗಲೇ ಮೊದಲ ಗುದ್ದಲಿ ಬಿತ್ತು.

ನಿಲ್ದಾಣದ ನಕ್ಷೆ ಬರೆದವರೂ ಅದೇ ಎಂಜಿನಿಯರು. ಮೂರನೆಯ ಮೂಲೆಯಿಂದ ಮನೆಯವರೆಗಿನ ಪಟ್ಟಿಯ ಮೇಲೆ ಅವರು ಏನನ್ನೂ ಕಟ್ಟಿಸಲಿಲ್ಲ. ನಕ್ಷೆಯಲ್ಲಿ ಅದರ ಪಕ್ಕ "ಗಾಳಿ ಬೆಳಕಿಗೆ" ಎಂದು ಬರೆದಿದ್ದಾರೆ. ಅದರ ಪ್ರತಿ ನನ್ನ ಬಳಿ ಇದೆ. ಬಚ್ಚಣ್ಣ ಬದುಕಿರುವವರೆಗೆ, ಇಪ್ಪತ್ತಾರು ವರ್ಷ, ದಿನವೂ ಸಂಜೆ ಆ ಓಣಿಗೆ ಬಂದು ನಿಧಾನವಾಗಿ ನಡೆಯುತ್ತಿದ್ದರು. ಹಿಂದೆ ಮನೆಯಿದ್ದ ಕೊನೆಯಲ್ಲಿ, ಗೋಡೆಯ ಹತ್ತಿರ ಬಂದಾಗ ಒಂದು ಹೆಜ್ಜೆ ಉಳಿಸಿ ಹಿಂತಿರುಗುತ್ತಿದ್ದರು. ನೋಡಲು ಹೋದವರು ಈಗಲೂ ಕಾಣಬಹುದು: ಓಣಿಗೆ ಹಾಸಿದ ಕಲ್ಲುಗಳೆಲ್ಲ ಸವೆದು ನುಣುಪಾಗಿವೆ, ಗೋಡೆಯ ಬುಡದ ಕೊನೆಯ ಕಲ್ಲೊಂದು ಮಾತ್ರ ಉಳಿಯ ಗುರುತು ಕೂಡ ಅಳಿಯದೆ, ಹಾಸಿದ ದಿನ ಇದ್ದ ಹಾಗೆಯೇ ಒರಟಾಗಿದೆ.